ಆದೇಶಕ್ಕೆ ಅಪೀಲು, ನಡತೆಗೆ ದೂರು

ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕೋರ್ಟಿನವೇ. ಶಾಸಕರನ್ನು ಐದು ವರ್ಷಕ್ಕೊಮ್ಮೆಯಾದರೂ ಕೇಳಬಹುದು, ತಹಶೀಲ್ದಾರರ ಮೇಲೆ ಲೋಕಾಯುಕ್ತಕ್ಕೆ ಹೋಗಬಹುದು, ಪೀಠದಲ್ಲಿ ಕೂತವರನ್ನು ಕೇಳೋರು ಯಾರು ಅನ್ನುವುದು ಎಲ್ಲ ಪತ್ರಗಳ ಒಳದನಿ. ಕೇಳುವ ದಾರಿ ಇದೆ. ಕೆಲವು ಕಡೆ ಗಟ್ಟಿಯಾಗಿದೆ, ಕೆಲವು ಕಡೆ ಕಿತ್ತುಹೋಗಿದೆ. ಯಾವುದು ಎಲ್ಲಿ ಎಂದು ಬಿಡಿಸಿ ಹೇಳಿದ್ದೇವೆ.

ಪ್ರಶ್ನೆ: ನಮ್ಮದು ಪಾಲು ವಿಭಾಗದ ದಾವೆ. ವಾದ ಮುಗಿದು ಐದು ತಿಂಗಳಾಯಿತು. ಹೋದಾಗಲೆಲ್ಲ ‘ತೀರ್ಪಿಗೆ’ ಅಂತ ಬರೆದು ಇನ್ನೊಂದು ವಾಯ್ದೆ ಕೊಡುತ್ತಾರೆ. ಹೋದ ವಾಯ್ದೆಯಲ್ಲಿ ನಮ್ಮ ತಾಯಿ ಕೈ ಮುಗಿದು ಕೇಳಿದ್ದಕ್ಕೆ ನ್ಯಾಯಾಧೀಶರು ಎಲ್ಲರೆದುರು ಗದರಿದರು. ಎದುರು ಪಾರ್ಟಿಯ ವಕೀಲರು ಚೇಂಬರಿಗೆ ಹೋಗಿ ಬರುತ್ತಾರೆ ಅಂತಲೂ ಮಾತಿದೆ. ಮುಖ್ಯಮಂತ್ರಿಗೂ ರಾಷ್ಟ್ರಪತಿಗೂ ಬರೆದೆವು, ಉತ್ತರವಿಲ್ಲ. ಯಾರಿಗೆ ದೂರು ಕೊಡಬೇಕು?
– ಮೈಸೂರು ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಮೂರು ದೂರುಗಳಿವೆ. ತೀರ್ಪು ತಡವಾಗಿದೆ, ತಾಯಿಯವರನ್ನು ಗದರಿದ್ದಾರೆ, ಚೇಂಬರಿನಲ್ಲಿ ಏನೋ ನಡೆದಿದೆ ಎಂಬ ಅನುಮಾನವಿದೆ. ಮೂರನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಮೂರೂ ಕೆಡುತ್ತವೆ.

ಮೊದಲು ತಡದ ಮಾತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶ, 1ನೇ ನಿಯಮದ ಪ್ರಕಾರ ವಾದ ಮುಗಿದ ದಿನದಿಂದ 30 ದಿನದೊಳಗೆ ತೀರ್ಪು ಹೇಳಲು ಕೋರ್ಟು ಪ್ರಯತ್ನಿಸಬೇಕು. ಅಸಾಧಾರಣ ಕಾರಣ ಇದ್ದರೂ ಸಾಮಾನ್ಯವಾಗಿ 60 ದಿನ ಮೀರುವಂತಿಲ್ಲ. ಐದು ತಿಂಗಳು ಖಂಡಿತ ಹೆಚ್ಚಾಯಿತು. ಆದರೆ ವಾದ ನಿಜಕ್ಕೂ ಎಂದು ಮುಗಿಯಿತು ಅನ್ನುವುದನ್ನು ನೆನಪಿನ ಮೇಲೆ ಹೇಳಬೇಡಿ. ನಿಮ್ಮ ಕೇಸಿನ 16 ಅಕ್ಷರದ ಸಿಎನ್‌ಆರ್ ಸಂಖ್ಯೆಯನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಪ್ರತಿ ವಾಯ್ದೆಯಲ್ಲೂ ಏನು ನಡೆಯಿತು ಎಂದು ಕಾಣುತ್ತದೆ. ಆಮೇಲೆ ನಕಲು ಶಾಖೆಯಲ್ಲಿ ಅರ್ಜಿ ಕೊಟ್ಟು ಆರ್ಡರ್ ಶೀಟಿನ ಸರ್ಟಿಫೈಡ್ ಕಾಪಿ ತೆಗೆಸಿ. ಎಷ್ಟೋ ಸಲ ಇದನ್ನು ಓದಿದಾಗ ಬೇರೆಯೇ ಚಿತ್ರ ಸಿಗುತ್ತದೆ: ‘ತೀರ್ಪಿಗೆ’ ಇಟ್ಟಿದ್ದ ಕೇಸನ್ನು ನಡುವೆ ‘ಹೆಚ್ಚುವರಿ ವಾದಕ್ಕೆ’ ಎಂದು ಮತ್ತೆ ತೆರೆದಿರುತ್ತಾರೆ. ಅದನ್ನು ಕೇಳಿದವರು ನಿಮ್ಮ ಕಡೆಯ ವಕೀಲರೇ ಆಗಿದ್ದರೆ ದೂರು ಅಲ್ಲಿಗೇ ಬಿತ್ತು.

ಶೀಟಿನಲ್ಲಿ ತಡ ಸ್ಪಷ್ಟವಾಗಿದ್ದರೆ ನಿಮ್ಮ ವಕೀಲರ ಕೈಯಲ್ಲಿ ಒಂದು ಪುಟದ ಮೆಮೊ ಹಾಕಿಸಿ: ಇಂಥ ದಿನ ವಾದ ಮುಗಿದಿದೆ, ಇಂತಿಷ್ಟು ದಿನವಾಗಿದೆ, ತೀರ್ಪು ಪ್ರಕಟಿಸಬೇಕೆಂದು ಪ್ರಾರ್ಥನೆ. ಇದಕ್ಕೆ ನ್ಯಾಯಾಧೀಶರು ಕೋಪಿಸಿಕೊಳ್ಳುತ್ತಾರೆ ಎಂದು ವಕೀಲರು ಹಿಂಜರಿಯುವುದುಂಟು, ಆದರೆ ಮೆಮೊ ಕಡತಕ್ಕೆ ಸೇರಿದ ಮೇಲೆ ತಡಕ್ಕೆ ಲಿಖಿತ ಸಾಕ್ಷಿ ಹುಟ್ಟುತ್ತದೆ. ಅದಕ್ಕೂ ಬಗ್ಗದಿದ್ದರೆ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಆಡಳಿತದ ನೆಲೆಯಲ್ಲಿ ಅರ್ಜಿ ಕೊಡಿ. ಬೇಸಿಗೆ ರಜೆ ಹತ್ತಿರ ಬಂದಿದ್ದರೆ ತಡ ಮಾಡಬೇಡಿ. ವರ್ಗಾವಣೆಗಳು ಸಾಮಾನ್ಯವಾಗಿ ಆ ಹೊತ್ತಿಗೇ ಆಗುವುದು. ಹಿಂದಿನವರು ತೀರ್ಪು ಬರೆದಿಟ್ಟು ಹೋಗಿದ್ದರೆ ಮುಂದೆ ಬಂದವರು ಅದನ್ನು ಓದಿ ಹೇಳಬೇಕು, ಬರೆಯದೆ ಹೋಗಿದ್ದರೆ ವಾದವನ್ನು ಮೊದಲಿನಿಂದ ಮತ್ತೆ ಮಾಡಬೇಕು. ಹೈಕೋರ್ಟಿನಲ್ಲೇ ಕಾದಿರಿಸಿದ ತೀರ್ಪಾದರೆ 2001ರ ಅನಿಲ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಲೆಕ್ಕ ಅನ್ವಯಿಸುತ್ತದೆ: ಮೂರು ತಿಂಗಳು ದಾಟಿದರೆ ಬೇಗ ತೀರ್ಪು ಕೊಡಿ ಎಂದು ಅರ್ಜಿ, ಆರು ತಿಂಗಳು ದಾಟಿದರೆ ಬೇರೆ ಪೀಠಕ್ಕೆ ವಹಿಸಿ ಎಂದು ಮುಖ್ಯ ನ್ಯಾಯಮೂರ್ತಿಗಳಿಗೆ ಅರ್ಜಿ.

ಇನ್ನು ಗದರಿದ ವಿಷಯ. ಇದು ನಡತೆಯ ದೂರು. ಸಂವಿಧಾನದ 235ನೇ ವಿಧಿಯಂತೆ ಜಿಲ್ಲಾ ಮತ್ತು ತಾಲ್ಲೂಕು ಕೋರ್ಟುಗಳ ನ್ಯಾಯಾಧೀಶರು ಹೈಕೋರ್ಟಿನ ಹಿಡಿತದಲ್ಲಿರುತ್ತಾರೆ. ಮುಖ್ಯಮಂತ್ರಿಗೂ ಕಾನೂನು ಮಂತ್ರಿಗೂ ಇಲ್ಲಿ ಕೈ ಆಡಿಸುವ ಅಧಿಕಾರವಿಲ್ಲ, ಇರಲೂಬಾರದು. ರಾಷ್ಟ್ರಪತಿ ಭವನಕ್ಕೆ ಹೋದ ಅರ್ಜಿ ಸುತ್ತಿ ಬಳಸಿ ಹೈಕೋರ್ಟಿಗೇ ಬರಬೇಕು. ನೇರವಾಗಿ ‘ರಿಜಿಸ್ಟ್ರಾರ್ ಜನರಲ್, ಕರ್ನಾಟಕ ಹೈಕೋರ್ಟ್, ಬೆಂಗಳೂರು 560001’ ಎಂದು ಬರೆದು, ‘ವಿಜಿಲೆನ್ಸ್ ರಿಜಿಸ್ಟ್ರಾರರ ಗಮನಕ್ಕೆ’ ಎಂದು ಸೇರಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ದೂರಿನ ಜೊತೆ ನೋಟರಿ ಮುಂದೆ ಪ್ರಮಾಣ ಮಾಡಿದ ಅಫಿಡವಿಟ್ ಇರಲೇಬೇಕು. ಪ್ರಮಾಣಪತ್ರವೂ ಪರಿಶೀಲಿಸಬಹುದಾದ ಆಧಾರವೂ ಇಲ್ಲದ ದೂರುಗಳನ್ನು ಕೈಗೆತ್ತಿಕೊಳ್ಳಬೇಡಿ ಎಂದು ಭಾರತದ ಮುಖ್ಯ ನ್ಯಾಯಮೂರ್ತಿಗಳು 2014ರಲ್ಲಿ ಎಲ್ಲ ಹೈಕೋರ್ಟುಗಳಿಗೂ ತಿಳಿಸಿದ್ದಾರೆ. ಹೆಸರಿಲ್ಲದ ಅರ್ಜಿ ಕಸದ ಬುಟ್ಟಿಗೇ. ಹೀಗೆ ಬರೆಯಿರಿ: ‘ಇಂಥ ದಿನ ಬೆಳಿಗ್ಗೆ ಸುಮಾರು 11.40ಕ್ಕೆ ಮೂಲ ದಾವೆ ಸಂಖ್ಯೆ ಇಂತಿಷ್ಟನ್ನು ಕರೆದಾಗ, 2ನೇ ವಾದಿಯಾದ ನನ್ನ ತಾಯಿ, ತೀರ್ಪು ಯಾವಾಗ ಸ್ವಾಮಿ ಎಂದು ಕೇಳಿದರು. ಅದಕ್ಕೆ ನ್ಯಾಯಾಧೀಶರು ಹೀಗೆಂದರು.’ ಅದರ ಕೆಳಗೆ ಅವರು ಆಡಿದ ಮಾತನ್ನು ಕೂಡಿಸದೆ ಕಳೆಯದೆ ಬರೆಯಿರಿ. ಆಗ ಹಾಲಿನಲ್ಲಿದ್ದು ಕೇಳಿಸಿಕೊಂಡ ಇಬ್ಬರ ಹೆಸರು ಕೊಡಿ. ‘ದರ್ಪ’, ‘ದೌರ್ಜನ್ಯ’, ‘ನ್ಯಾಯದೇಗುಲದ ಕಗ್ಗೊಲೆ’ ಇವೆಲ್ಲ ಬೇಡ. ಓದುವ ಅಧಿಕಾರಿಗೆ ಬೇಕಾದದ್ದು ದಿನ, ಗಂಟೆ, ಮಾತು, ಸಾಕ್ಷಿ.

ಚೇಂಬರಿನ ಮಾತನ್ನು, ಯಾರು ಎಂದು ಕಂಡರು ಎಂದು ಪ್ರಮಾಣ ಮಾಡಿ ಹೇಳುವವರಿದ್ದರೆ ಮಾತ್ರ ಸೇರಿಸಿ. ವಕೀಲರು ಚೇಂಬರಿಗೆ ಹೋಗುವುದೇ ತಪ್ಪಲ್ಲ, ತುರ್ತು ಅರ್ಜಿಗೂ ಹೋಗುತ್ತಾರೆ. ಪೊಳ್ಳು ಆರೋಪ ಪಕ್ಕದಲ್ಲಿದ್ದರೆ ಗಟ್ಟಿ ಆರೋಪವೂ ಪೊಳ್ಳಾಗಿ ಕಾಣುತ್ತದೆ. ಪಕ್ಷಪಾತದ ಭಯಕ್ಕೆ ಬುನಾದಿ ಇದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಕೇಸನ್ನು ಬೇರೆ ಕೋರ್ಟಿಗೆ ವರ್ಗಾಯಿಸಿ ಎಂದು ಜಿಲ್ಲಾ ನ್ಯಾಯಾಲಯವನ್ನೋ ಹೈಕೋರ್ಟನ್ನೋ ಕೇಳಬಹುದು. ಬುನಾದಿ ಇಲ್ಲದೆ ಕೇಳಿದರೆ ಅರ್ಜಿ ವಜಾ ಆಗುತ್ತದೆ, ಮತ್ತೆ ಅದೇ ನ್ಯಾಯಾಧೀಶರ ಮುಂದೆ ನಿಲ್ಲಬೇಕಾಗುತ್ತದೆ.

ದೂರಿನಲ್ಲಿ ‘ನಮ್ಮ ಐಎ (ಮಧ್ಯಂತರ ಅರ್ಜಿ) ವಜಾ ಮಾಡಿದ್ದು ತಪ್ಪು’ ಎಂದು ಮಾತ್ರ ಬರೆಯಬೇಡಿ. ಆದೇಶ ತಪ್ಪಾಗಿದೆ ಅನ್ನುವುದೊಂದೇ ದುರ್ನಡತೆಯಲ್ಲ ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ, ಅದು ಸರಿಯೂ ಹೌದು. ಪ್ರತಿ ಆದೇಶಕ್ಕೂ ವಿಚಾರಣೆ ಎದುರಿಸಬೇಕಾದ ನ್ಯಾಯಾಧೀಶ ಯಾರ ಪರವೂ ಧೈರ್ಯವಾಗಿ ಬರೆಯಲಾರ. ಆದೇಶಕ್ಕೆ ಅಪೀಲು ಇದೆ: ಡಿಕ್ರಿ ಆದ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ. ನಕಲಿಗೆ ಅರ್ಜಿ ಹಾಕಿದ ದಿನದಿಂದ ನಕಲು ಸಿದ್ಧವಾದ ದಿನದವರೆಗಿನ ಕಾಲ ಈ ಲೆಕ್ಕದಲ್ಲಿ ಬಿಟ್ಟುಹೋಗುತ್ತದೆ. ಸಿದ್ಧವಾದ ಮೇಲೆ ನೀವು ತರಲು ಹೋಗದೆ ಕಳೆದ ದಿನಗಳು ಬಿಟ್ಟುಹೋಗುವುದಿಲ್ಲ. ನಕಲಿನ ಕೊನೆ ಪುಟದಲ್ಲಿರುವ ಮುದ್ರೆಯಲ್ಲಿ ಈ ದಿನಾಂಕಗಳಿರುತ್ತವೆ, ಮೊದಲು ಅದನ್ನು ನೋಡಿ. ನಡತೆಯ ದೂರು ಹೈಕೋರ್ಟಿನಲ್ಲಿದೆ ಎಂದು ಅಪೀಲಿನ ಗಡುವು ನಿಲ್ಲುವುದಿಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಜಮೀನು ಕಳೆದುಕೊಳ್ಳುವವರಿದ್ದಾರೆ.

ಪ್ರಶ್ನೆ: ಕಾವೇರಿ ತೀರ್ಪಿನಿಂದ ನಮಗೆ ಅನ್ಯಾಯವಾಗಿದೆ ಎಂದು ಸಭೆಯಲ್ಲಿ ಮಾತಾಡಿದರೆ, ವಾಟ್ಸ್ಆ್ಯಪ್‌ನಲ್ಲಿ ಹಾಕಿದರೆ ನ್ಯಾಯಾಂಗ ನಿಂದನೆ ಆಗುತ್ತದೆಯೆ? ಪೊಲೀಸರು ಹಾಗೆಂದು ಹೆದರಿಸಿದರು.
– ಮಂಡ್ಯ ತಾಲ್ಲೂಕಿನ ರೈತರೊಬ್ಬರು

ಉತ್ತರ: ತೀರ್ಪನ್ನು ಟೀಕಿಸುವುದು ನಿಂದನೆಯಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಕಲಮು ಅದನ್ನೇ ಹೇಳುತ್ತದೆ: ತೀರ್ಮಾನವಾದ ಪ್ರಕರಣದ ಗುಣಾವಗುಣಗಳ ಬಗ್ಗೆ ನ್ಯಾಯಯುತ ಟೀಕೆ ನಿಂದನೆ ಆಗದು. ಉದಾಹರಣೆಗೆ, 2018ರ ಫೆಬ್ರವರಿ 16ರ ತೀರ್ಪು ತಮಿಳುನಾಡಿನ ಅಂತರ್ಜಲದಲ್ಲಿ 10 ಟಿಎಂಸಿಯನ್ನು ಲೆಕ್ಕಕ್ಕೆ ಹಿಡಿಯಿತು, ಬೆಂಗಳೂರಿಗೆ 4.75 ಟಿಎಂಸಿ ಕೊಟ್ಟಿತು, ಒಟ್ಟು ನಮ್ಮ ಪಾಲಿಗೆ 14.75 ಟಿಎಂಸಿ ಏರಿತು. ‘20 ಟಿಎಂಸಿ ಅಂತರ್ಜಲ ಲೆಕ್ಕಕ್ಕೆ ಬರಬೇಕಿತ್ತು, ಬರದ ವರ್ಷಕ್ಕೆ ಸ್ಪಷ್ಟ ಸೂತ್ರ ಬೇಕಿತ್ತು, ಈ ತೀರ್ಪು ನಾಲೆಯ ಕೊನೆಯ ರೈತನಿಗೆ ಅನ್ಯಾಯ’ ಎಂದು ನೀವು ಮೈಕ್ ಹಿಡಿದು ಹೇಳಬಹುದು. ‘ದುಡ್ಡು ತಿಂದು ತೀರ್ಪು ಕೊಟ್ಟರು’ ಎಂದರೆ ಗೆರೆ ದಾಟಿದಿರಿ. 2006ರ ತಿದ್ದುಪಡಿಯಿಂದ ಸತ್ಯವನ್ನೇ ಸಮರ್ಥನೆಯಾಗಿ ಮುಂದಿಡಲು ಅವಕಾಶ ಬಂದಿದೆ, ಆದರೆ ಆ ಮಾತು ಸಾರ್ವಜನಿಕ ಹಿತಕ್ಕಾಗಿ ಆಡಿದ್ದಾಗಿರಬೇಕು. ಸತ್ಯವೆಂದು ತೋರಿಸುವ ಆಧಾರವೂ ನಿಮ್ಮ ಕೈಯಲ್ಲಿರಬೇಕು.

ಶಿಕ್ಷೆ ಆರು ತಿಂಗಳವರೆಗೆ ಸಾದಾ ಸಜೆ, 2000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಆದರೆ ಠಾಣೆಯಲ್ಲಿ ಎಫ್‌ಐಆರ್ ಹಾಕಿ ನಡೆಸುವ ಕೇಸು ಇದಲ್ಲ. ಹೈಕೋರ್ಟು ಅಥವಾ ಸುಪ್ರೀಂ ಕೋರ್ಟು ತಾನಾಗಿ ಕೈಗೆತ್ತಿಕೊಳ್ಳಬೇಕು, ಇಲ್ಲವೆ ಅಡ್ವೊಕೇಟ್ ಜನರಲ್ ಅಥವಾ ಅವರ ಲಿಖಿತ ಒಪ್ಪಿಗೆ ಪಡೆದವರು ಹೈಕೋರ್ಟಿಗೆ ಹೋಗಬೇಕು, ಅದೂ ವರ್ಷದೊಳಗೆ. ಸಂಜಯ ವೃತ್ತದಲ್ಲಿ ಶಾಂತವಾಗಿ ಧರಣಿ ಕೂರುವುದು ನಿಂದನೆಯಲ್ಲ, ರಸ್ತೆ ತಡೆದರೆ ಬೇರೆ ಕಲಮುಗಳು ಬೀಳಬಹುದು. ನೀರು ಬಿಡಿ ಎಂಬ ಆದೇಶವನ್ನು ಬೇಕೆಂದೇ ಪಾಲಿಸದಿರುವುದು ಸಿವಿಲ್ ನಿಂದನೆ, ಅದರ ಭಾರ ಆದೇಶ ಯಾರಿಗಾಗಿದೆಯೋ ಅವರ ಮೇಲೆ.

ಇನ್ನೊಂದು ಮಾತು. ಕೆಳ ಕೋರ್ಟಿನ ನ್ಯಾಯಾಧೀಶರ ಬಗ್ಗೆ ಪ್ರಾಮಾಣಿಕವಾಗಿ ಹೈಕೋರ್ಟಿಗೆ ದೂರು ಕೊಟ್ಟರೆ 6ನೇ ಕಲಮು ನಿಮ್ಮನ್ನು ಕಾಯುತ್ತದೆ. ಅದೇ ದೂರಿನ ಫೋಟೊ ಊರಿನ ಗ್ರೂಪಿಗೆ ಹಾಕಿದರೆ ಆ ರಕ್ಷಣೆ ಇಲ್ಲ.

ಪ್ರಶ್ನೆ: ಹೈಕೋರ್ಟು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ತಪ್ಪು ಮಾಡಿದರೆ? ಇದುವರೆಗೆ ಯಾರನ್ನಾದರೂ ತೆಗೆದಿದ್ದಾರೆಯೆ?
– ಕುವೆಂಪುನಗರ, ಮೈಸೂರು

ಉತ್ತರ: ಸಂಸತ್ತಿನ ಮತದಿಂದ ಪದಚ್ಯುತರಾದ ನ್ಯಾಯಮೂರ್ತಿ ಒಬ್ಬರೂ ಇಲ್ಲ. ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರು ಸಹಿ ಹಾಕಿ ಸೂಚನೆ ಕೊಡಬೇಕು. ಸ್ಪೀಕರ್ ಅಥವಾ ಸಭಾಪತಿ ಒಪ್ಪಿದರೆ 1968ರ ಕಾಯ್ದೆಯಂತೆ ಮೂವರ ಸಮಿತಿ: ಒಬ್ಬರು ಸುಪ್ರೀಂ ಕೋರ್ಟಿನವರು, ಒಬ್ಬರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಒಬ್ಬರು ಕಾನೂನು ಪಂಡಿತರು. ಆರೋಪ ಸಾಬೀತಾದರೆ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತವೂ, ಹಾಜರಿದ್ದು ಮತ ಹಾಕಿದವರ ಮೂರರಲ್ಲಿ ಎರಡರಷ್ಟೂ ಬೇಕು.

1993ರಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ಮೇಲಿನ ಆರೋಪಗಳನ್ನು ಸಮಿತಿ ಒಪ್ಪಿತ್ತು. ಲೋಕಸಭೆಯಲ್ಲಿ 196 ಮತ ಪರವಾಗಿ ಬಿದ್ದವು, 205 ಸದಸ್ಯರು ಮತ ಹಾಕದೆ ಕೂತರು, ಗೊತ್ತುವಳಿ ಬಿದ್ದುಹೋಯಿತು. 2011ರಲ್ಲಿ ಸೌಮಿತ್ರ ಸೇನ್ ವಿರುದ್ಧ ರಾಜ್ಯಸಭೆ ಗೊತ್ತುವಳಿ ಅಂಗೀಕರಿಸಿತು, ಲೋಕಸಭೆಗೆ ಬರುವಷ್ಟರಲ್ಲಿ ಅವರು ರಾಜೀನಾಮೆ ಕೊಟ್ಟರು. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರು ಭೂಮಿಯ ಆರೋಪಗಳ ನಂತರ ಸಿಕ್ಕಿಂಗೆ ವರ್ಗವಾಗಿ, ವಿಚಾರಣೆ ನಡೆಯುತ್ತಿರುವಾಗಲೇ 2011ರಲ್ಲಿ ರಾಜೀನಾಮೆ ಕೊಟ್ಟರು. ರಾಜೀನಾಮೆ ಬಿದ್ದ ಕೂಡಲೇ ಪದಚ್ಯುತಿಯ ಕೆಲಸ ನಿಂತುಹೋಗುತ್ತದೆ, ಆರೋಪ ನಿಜವೋ ಸುಳ್ಳೋ ಜನರಿಗೆ ತಿಳಿಯುವುದೇ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಇದು ಈ ವ್ಯವಸ್ಥೆಯ ದೊಡ್ಡ ತೂತು. ಪ್ರಾಮಾಣಿಕ ನ್ಯಾಯಮೂರ್ತಿಗೂ ಇದರಿಂದ ನಷ್ಟವೇ, ಕಳಂಕ ತೊಳೆದುಕೊಳ್ಳುವ ಅವಕಾಶ ಸಿಗುವುದಿಲ್ಲ.

ಪದಚ್ಯುತಿಯಷ್ಟು ದೊಡ್ಡದಲ್ಲದ ತಪ್ಪಿಗೆ 1999ರಿಂದ ‘ಇನ್-ಹೌಸ್’ ವಿಚಾರಣೆ ಎಂಬ ಆಂತರಿಕ ಕ್ರಮ ಇದೆ. ದೂರನ್ನು ಆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗೋ ಭಾರತದ ಮುಖ್ಯ ನ್ಯಾಯಮೂರ್ತಿಗೋ ಕೊಡಬೇಕು. ವರದಿ ಗೋಪ್ಯ. ದೂರು ಕೊಟ್ಟವರಿಗೂ ಅದರ ಪ್ರತಿ ಕೇಳುವ ಹಕ್ಕಿಲ್ಲ. ಭ್ರಷ್ಟಾಚಾರದ ಎಫ್‌ಐಆರ್ ಹಾಕಬೇಕಾದರೆ 1991ರ ವೀರಾಸ್ವಾಮಿ ತೀರ್ಪಿನ ಪ್ರಕಾರ ಭಾರತದ ಮುಖ್ಯ ನ್ಯಾಯಮೂರ್ತಿಗಳನ್ನು ಮೊದಲು ಕೇಳಬೇಕು. ಸರ್ಕಾರದ ಕೈಗೆ ನ್ಯಾಯಮೂರ್ತಿಗಳನ್ನು ಬಗ್ಗಿಸುವ ಕೋಲು ಸಿಗಬಾರದು ಎಂಬ ಕಾಳಜಿ ಇದರ ಹಿಂದಿದೆ, ಅದನ್ನು ಹಗುರವಾಗಿ ಕಾಣಬೇಡಿ. ಆದರೆ ಸ್ವಾತಂತ್ರ್ಯಕ್ಕೆ ಗೋಪ್ಯತೆ ಬೇಕೇ ಬೇಕು ಎಂದೇನೂ ಇಲ್ಲ. ಭಾರತದ ಮುಖ್ಯ ನ್ಯಾಯಮೂರ್ತಿಗಳ ಕಚೇರಿಯೂ ಮಾಹಿತಿ ಹಕ್ಕಿನ ಒಳಗೆ ಬರುತ್ತದೆ ಎಂದು 2019ರಲ್ಲಿ ತೀರ್ಪಾಯಿತು, 2025ರ ಮೇನಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿಗಳ ಆಸ್ತಿ ವಿವರವನ್ನು ತನ್ನ ಜಾಲತಾಣದಲ್ಲಿ ಹಾಕಿತು. ಇದರಿಂದ ಯಾರ ಸ್ವಾತಂತ್ರ್ಯವೂ ಹೋಗಲಿಲ್ಲ.

ಪ್ರಶ್ನೆ: ಎದುರು ಪಾರ್ಟಿಗೆ ಸಮನ್ಸ್ ಜಾರಿ ಮಾಡಲು ಕೋರ್ಟಿನ ಸಿಬ್ಬಂದಿಯೊಬ್ಬರು ದುಡ್ಡು ಕೇಳಿದರು. ಒಂದು ಸಲ 500 ಕೊಟ್ಟೆ. ಈಗ 2000 ಕೇಳುತ್ತಿದ್ದಾರೆ. ಕೊಡದಿದ್ದರೆ ‘ಮನೆ ಬೀಗ ಹಾಕಿದೆ’ ಎಂದು ಷರಾ ಬರೆಯುತ್ತಾರಂತೆ.
– ಮಂಡ್ಯ ಜಿಲ್ಲೆ (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮೊದಲು ದಿನ ಎಣಿಸಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ಮಾತ್ರ ವಿನಾಯಿತಿ. ಆ 500 ಕೊಟ್ಟು ಏಳು ದಿನ ಆಗಿಲ್ಲದಿದ್ದರೆ ಇಂದೇ ಹೊರಡಿ, ಆಗಿದ್ದರೆ ಒಬ್ಬ ವಕೀಲರ ಸಲಹೆ ತೆಗೆದುಕೊಂಡು ಹೋಗಿ. ಎರಡನೆಯ ಬೇಡಿಕೆಗೆ ಇನ್ನೂ ಕೊಟ್ಟಿಲ್ಲ, ಅದು ನಿಮ್ಮ ಅನುಕೂಲ.

ಎರಡು ಬಾಗಿಲುಗಳಿವೆ. ಒಂದು, ಕೋರ್ಟಿನ ಸಿಬ್ಬಂದಿಯ ಮೇಲೆ ಶಿಸ್ತು ಕ್ರಮಕ್ಕೆ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಲಿಖಿತ ದೂರು. ಇನ್ನೊಂದು, ಜಿಲ್ಲೆಯ ಲೋಕಾಯುಕ್ತ ಪೊಲೀಸ್ ಠಾಣೆ. 2016ರಲ್ಲಿ ಹುಟ್ಟಿದ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) 2022ರ ಆಗಸ್ಟಿನಲ್ಲಿ ಹೈಕೋರ್ಟು ರದ್ದು ಮಾಡಿದ ಮೇಲೆ ಟ್ರ್ಯಾಪ್ ಮಾಡುವ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂದಿದೆ. ಟ್ರ್ಯಾಪ್ ಹೀಗೆ ನಡೆಯುತ್ತದೆ: ಮೊದಲು ಎಫ್‌ಐಆರ್. ಆಮೇಲೆ ಇಬ್ಬರು ಸರ್ಕಾರಿ ನೌಕರ ಪಂಚರ ಮುಂದೆ ನೀವು ತಂದ ನೋಟುಗಳ ಸಂಖ್ಯೆ ಬರೆದುಕೊಂಡು, ಅವಕ್ಕೆ ಫಿನಾಫ್ತಲೀನ್ ಪುಡಿ ಸವರುತ್ತಾರೆ. ಬಿಳಿ ಪುಡಿ, ಕಣ್ಣಿಗೆ ಕಾಣುವುದಿಲ್ಲ. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಾಟಲಿಗೆ ತುಂಬಿ ಸೀಲ್ ಮಾಡುತ್ತಾರೆ.

ಕೇಸು ಬೀಳುವುದು ಬಣ್ಣ ಬರದೆ ಅಲ್ಲ, ‘ಬೇಡಿಕೆ’ ಸಾಬೀತಾಗದೆ. ಕೈ ಗುಲಾಬಿಯಾದರೂ ಆತ ದುಡ್ಡು ಕೇಳಿದ ಎಂದು ತೋರದಿದ್ದರೆ ಖುಲಾಸೆ. ಹಾಗಾಗಿ ನೋಟು ಮುಂದೆ ಚಾಚಬೇಡಿ. ‘ನನ್ನ ಕೆಲಸ ಏನಾಯಿತು?’ ಎಂದು ಕೇಳಿ, ಅವರ ಬಾಯಲ್ಲೇ ಮೊತ್ತ ಬರಲಿ, ಕೇಳಿದ ಮೇಲೆ ಕೊಡಿ, ಜೊತೆಗಿರುವ ಪಂಚರಿಗೆ ಕೇಳಿಸುವಂತೆ ಮಾತಾಡಿ. ಫೋನಿನಲ್ಲಿ ಹಿಂದಿನ ಮಾತು ರೆಕಾರ್ಡ್ ಆಗಿದ್ದರೆ ಅದನ್ನು ಕತ್ತರಿಸಬೇಡಿ, ಬೇರೆಯವರಿಗೆ ಕಳಿಸಿ ಮೂಲ ಅಳಿಸಬೇಡಿ. ಮೂಲ ಫೋನನ್ನೇ ಒಪ್ಪಿಸಬೇಕಾಗಬಹುದು.

ಸಮನ್ಸ್ ಮಾತ್ರ ಇದಕ್ಕಾಗಿ ಕಾಯಬೇಕಿಲ್ಲ. ಸಿವಿಲ್ ದಾವೆಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 9ಎ ನಿಯಮದಡಿ ಕೈ ಸಮನ್ಸ್ ಕೊಡಿ ಎಂದು ಅರ್ಜಿ ಹಾಕಿದರೆ, ನ್ಯಾಯಾಧೀಶರು ಒಪ್ಪಿದಲ್ಲಿ ನೀವೇ ಜಾರಿ ಮಾಡಬಹುದು. ಅಂಚೆ ಮೂಲಕ ಕಳಿಸಲೂ ಕೇಳಿ. ಲಂಚದ ಬುಡ ಅಲ್ಲಾಡುವುದು ಹೀಗೆ ಬೇರೆ ದಾರಿ ಸಿಕ್ಕಿದಾಗ.

ಪ್ರಶ್ನೆ: ನನ್ನ ಕೇಸಿನ ಆದೇಶದ ಪ್ರತಿಯನ್ನು ಆರ್‌ಟಿಐನಲ್ಲಿ ಕೇಳಿದರೆ ತಿರಸ್ಕರಿಸಿದರು. ಕೋರ್ಟಿಗೆ ಆರ್‌ಟಿಐ ಇಲ್ಲವೆ?
– ಹುಣಸೂರು

ಉತ್ತರ: ಇದೆ, ಆದರೆ ಕೇಸಿನ ಕಡತಕ್ಕಲ್ಲ. ಅದನ್ನು ಕೋರ್ಟಿನ ನಿಯಮದಂತೆ ನಕಲು ಅರ್ಜಿ ಹಾಕಿಯೇ ಪಡೆಯಬೇಕು ಎಂದು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಖಾಲಿ ಹುದ್ದೆ, ಖರ್ಚು, ಕಟ್ಟಡದ ಟೆಂಡರು ಇಂಥ ಆಡಳಿತದ ಮಾಹಿತಿ ಕೇಳಬಹುದು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ‘ಏಕೆ’ ಎಂದು ಕೇಳಬೇಡಿ, ‘ಇಂಥ ದಾಖಲೆಯ ಪ್ರತಿ ಕೊಡಿ’ ಎನ್ನಿ. ನಿಮ್ಮ ಜಿಲ್ಲೆಯಲ್ಲಿ ಎಷ್ಟು ಕೇಸು ಎಷ್ಟು ವರ್ಷದಿಂದ ಬಾಕಿ ಎಂಬುದಕ್ಕೆ ಆರ್‌ಟಿಐ ಬೇಕೇ ಇಲ್ಲ, ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಗ್ರಿಡ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ಪ್ರಶ್ನೆ: ಹೈಕೋರ್ಟಿನ ನೇರ ಪ್ರಸಾರದ ತುಣುಕನ್ನು ಕತ್ತರಿಸಿ ಹಂಚಬಹುದೆ?
– ನಾಗಮಂಗಲ

ಉತ್ತರ: ಬೇಡ. 2022ರ ಜನವರಿ 1ರಿಂದ ಜಾರಿಯಲ್ಲಿರುವ ಹೈಕೋರ್ಟಿನ ನಿಯಮಗಳು ಅನುಮತಿ ಇಲ್ಲದೆ ಪ್ರಸಾರವನ್ನು ರೆಕಾರ್ಡ್ ಮಾಡುವುದನ್ನೂ ಹಂಚುವುದನ್ನೂ ತಡೆಯುತ್ತವೆ. ಆದರೆ ನೋಡುವುದು ನಿಮ್ಮ ಹಕ್ಕು, ನೋಡಿದ್ದನ್ನು ಹೇಳುವುದೂ ಹಕ್ಕು. 2024ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಬೆಂಗಳೂರಿನ ಒಂದು ಪ್ರದೇಶವನ್ನು ಪಾಕಿಸ್ತಾನ ಎಂದದ್ದು ಬೆಳಕಿಗೆ ಬಂದದ್ದೇ ಈ ಪ್ರಸಾರದಿಂದ. ಸುಪ್ರೀಂ ಕೋರ್ಟು ತಾನಾಗಿ ಕೈಗೆತ್ತಿಕೊಂಡಿತು, ಅವರು ತೆರೆದ ನ್ಯಾಯಾಲಯದಲ್ಲೇ ವಿಷಾದ ಹೇಳಿದರು, ದೇಶದ ಯಾವ ಭಾಗವನ್ನೂ ಯಾರೂ ಹಾಗೆ ಕರೆಯುವಂತಿಲ್ಲ ಎಂದು ಹೇಳಿ ಸುಪ್ರೀಂ ಕೋರ್ಟು ಪ್ರಕರಣ ಮುಗಿಸಿತು. ತಪ್ಪು ಮಾತು ಕಂಡರೆ ದಿನ, ಕೋರ್ಟ್ ಹಾಲಿನ ಸಂಖ್ಯೆ, ಕೇಸಿನ ಸಂಖ್ಯೆ, ಗಂಟೆ-ನಿಮಿಷ ಬರೆದು ರಿಜಿಸ್ಟ್ರಾರ್ ಜನರಲ್‌ಗೆ ಕಳಿಸಿ. ಮೂಲ ದೃಶ್ಯ ಅವರ ಬಳಿಯೇ ಇರುತ್ತದೆ.

ಪ್ರಶ್ನೆ: ನಮ್ಮ ವಕೀಲರೇ ಬರುವುದಿಲ್ಲ. ಬದಲಾಯಿಸೋಣ ಎಂದರೆ ಬಾಕಿ ಫೀಸು ಕೊಡುವ ತನಕ ಫೈಲು ಕೊಡುವುದಿಲ್ಲ ಎನ್ನುತ್ತಾರೆ.
– ಕೆ.ಆರ್. ಪೇಟೆ

ಉತ್ತರ: ಫೀಸಿಗಾಗಿ ಕಕ್ಷಿದಾರರ ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು 2000ದಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ಹಿಡಿದಿಟ್ಟರೆ ಅದು ವೃತ್ತಿ ದುರ್ನಡತೆ. ಬಾಕಿ ಇದ್ದರೆ ಅವರು ದಾವೆ ಹಾಕಿ ವಸೂಲು ಮಾಡಲಿ. ಮೊದಲು ಲಿಖಿತವಾಗಿ ಫೈಲು ಮತ್ತು ನೋ ಅಬ್ಜೆಕ್ಷನ್ ಕೇಳಿ. ಕೊಡದಿದ್ದರೆ ಹೊಸ ವಕೀಲರ ಮೂಲಕ ಕೋರ್ಟಿನ ಅನುಮತಿ ಪಡೆದು ಹಳೆಯ ವಕಾಲತ್ತು ರದ್ದು ಮಾಡಿಸಬಹುದು, ಕಾಗದಗಳ ನಕಲು ಕೋರ್ಟಿನಿಂದಲೇ ತೆಗೆಸಬಹುದು. ದೂರು ಹೋಗಬೇಕಾದದ್ದು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ, ಅಡ್ವೊಕೇಟ್ಸ್ ಕಾಯ್ದೆಯ 35ನೇ ಕಲಮಿನಡಿ. ಹೊಸ ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೆ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಹೋಗುವಾಗ ಆಧಾರ್, ಜಾತಿ ಪ್ರಮಾಣಪತ್ರ, ಮುಂದಿನ ವಾಯ್ದೆಯ ದಿನಾಂಕ ಇರುವ ಚೀಟಿ ಕೈಯಲ್ಲಿರಲಿ.